ಸ್ಲಿಂಗ್‌ನಲ್ಲಿ ಮಗು ಕಟ್ಟಿಕೊಂಡು ಮೈಸೂರಿನ ದೇವರಾಜ ಮಾರ್ಕೆಟ್‌ಗೆ ಹೋಗಬಹುದಾ?

ಪ್ರಶ್ನೆ: ಮಗಳಿಗೆ 4 ತಿಂಗಳು. ಮಾರ್ಕೆಟ್ ಸಂದಿಗಳಲ್ಲಿ ತಳ್ಳುಗಾಡಿ ಆಗಲ್ಲ. ಸ್ಲಿಂಗ್ (ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆ) ಅಂದರೆ ಅತ್ತೆಗೆ ಭಯ, ‘ಉಸಿರು ಕಟ್ಟುತ್ತೆ ಕಣಮ್ಮ’ ಅಂತಾರೆ. ನಿಜವಾ?

ಉತ್ತರ: ಅವರ ಭಯ ಸುಮ್ನೆ ಅಲ್ಲ. ಗದ್ದ ಎದೆಗೆ ಒತ್ತಿಕೊಂಡರೆ ಪುಟ್ಟ ಮಗುವಿಗೆ ಉಸಿರಾಟ ಕಷ್ಟವಾಗುತ್ತದೆ. ಗದ್ದದ ಕೆಳಗೆ ಬೆರಳು ಹಿಡಿಸುವಷ್ಟು ಜಾಗ ಇರಲಿ. ಮುಖ ಸದಾ ಕಾಣಬೇಕು. ನೀವು ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಸಿಗಬೇಕು, ಅಷ್ಟು ಎತ್ತರ. ಮಗುವಿನ ಮಂಡಿ ಕುಂಡಿಗಿಂತ ಮೇಲಿರಲಿ, ಕಾಲು ಕಪ್ಪೆಯ ಹಾಗೆ ಅಗಲ. ನನ್ನ ಮಗನನ್ನು ಹೀಗೇ ಕಟ್ಟಿಕೊಂಡು ಕುಕ್ಕರಹಳ್ಳಿ ಕೆರೆ ಏರಿ ಸುತ್ತಿದ್ದೇನೆ. ಆ ಬೆಳಗುಗಳೇ ನನಗೆ ಬಾಣಂತನದ ಔಷಧಿ.

ಉತ್ತರ: ಬಿಸಿಲೇರುವ ಮೊದಲೇ ಹೋಗಿ, ಯಾಕಂದ್ರೆ ಸ್ಲಿಂಗ್‌ನಲ್ಲಿ ಇಬ್ಬರ ಮೈಬಿಸಿ ಸೇರುತ್ತೆ. ತೆಳು ಹತ್ತಿ ಬಟ್ಟೆ ಸಾಕು. ಸ್ಕೂಟರ್ ಮೇಲೆ ಮಾತ್ರ ಬೇಡವೇ ಬೇಡ.

ಪ್ರಶ್ನೆ ಕೇಳಿದವಳು: ಇವತ್ತು 7 ಗಂಟೆಗೆ ಹೋಗಿಬಂದೆ. ಹೂವಿನ ಸಾಲಿನಲ್ಲಿ ಎದ್ದು ಕಣ್ಣರಳಿಸಿದಳು. ಅತ್ತೆಯೂ ಜೊತೆಗಿದ್ದರು!