ತೂಕದ ಆಪರೇಷನ್ ಆದ ಮೇಲೆ ಕಾಲು ಜೋಮು: ಯಾರಿಗಾದರೂ ಹೀಗಾಗಿತ್ತಾ?

ಕೇಳಿದವರು, ಮಂಡ್ಯ:
ದಸರಾ ಮುಗಿದ ಮೇಲೆ ನಮ್ಮಕ್ಕನಿಗೆ ತೂಕ ಇಳಿಸುವ ಸ್ಲೀವ್ ಆಪರೇಷನ್ (ಹೊಟ್ಟೆಯ ಚೀಲ ಕತ್ತರಿಸಿ ಸಣ್ಣದು ಮಾಡುವುದು) ಆಯ್ತು. ತೂಕ ಚೆನ್ನಾಗಿ ಇಳಿದಿದೆ. ಈಗ ಪಾದ ಜುಮ್ ಅನ್ನುತ್ತದೆ, ಚಪ್ಪಲಿ ಕಳಚಿಬಿದ್ದರೂ ಗೊತ್ತಾಗುವುದಿಲ್ಲ. ಊಟ ಕಮ್ಮಿ ಅಲ್ವಾ, ನಿಶ್ಶಕ್ತಿ ಅಂತಾರೆ ಮನೆಯವರು. ಏನು ಮಾಡಲಿ?

ಕುವೆಂಪುನಗರ, ಮೈಸೂರು:
ನಿಶ್ಶಕ್ತಿ ಅಂತ ಸುಮ್ನೆ ಕೂರಬೇಡಿ. ವಾಂತಿ ಇದೆಯಾ? ನನ್ನ ತಮ್ಮನಿಗೆ ತೂಕ ಇಳಿಸಲು ಹೊಟ್ಟೆಯ ಬೈಪಾಸ್ ಆದ ಮೇಲೆ ಏನು ತಿಂದರೂ ನಿಲ್ಲುತ್ತಿರಲಿಲ್ಲ. ವಿಟಮಿನ್ ಬಿ1, ಅಂದರೆ ಥಯಾಮಿನ್, ಮೈಯಲ್ಲಿ 2-3 ವಾರಕ್ಕೆ ಆಗುವಷ್ಟೇ ಇರುತ್ತದಂತೆ. ಅದು ಖಾಲಿಯಾಗಿ ಗೋಡೆ ಹಿಡಿದು ನಡೆಯುವ ಹಾಗಾಯ್ತು. ಒಂದು ಲೋಟ ಎರಡಾಗಿ ಕಾಣುತ್ತಿತ್ತು, ಮಾತಲ್ಲೂ ಗೊಂದಲ. ಹತ್ತಿರದ ನರ್ಸಿಂಗ್ ಹೋಮ್‌ನಲ್ಲಿ ಸುಸ್ತಿಗೆ ಬರೀ ಗ್ಲೂಕೋಸ್ ಏರಿಸಲು ಹೊರಟಿದ್ದರು. ಬಿ1 ಕೊಡದೆ ಗ್ಲೂಕೋಸ್ ಹಾಕಿದರೆ ಉಳಿದಿರುವ ಚೂರೂ ಖರ್ಚಾಗಿ ಮೆದುಳಿಗೇ ಪೆಟ್ಟು ಬೀಳಬಹುದು. ನರರೋಗದ ಡಾಕ್ಟರು ರಿಪೋರ್ಟ್‌ಗೂ ಕಾಯದೆ ಥಯಾಮಿನ್ ಇಂಜೆಕ್ಷನ್ ಶುರು ಮಾಡಿದರು. ಕಣ್ಣು ಬೇಗ ಸರಿಹೋಯ್ತು, ನಡಿಗೆ ಇನ್ನೂ ಪೂರ್ತಿ ಸರಿಯಾಗಿಲ್ಲ.

ಕೇಳಿದವರು:
ವಾಂತಿ ಇಲ್ಲ. ಬಲಗಾಲು ಮಾತ್ರ. ಹೆಬ್ಬೆರಳು ಮೇಲೆತ್ತಲು ಆಗುತ್ತಿಲ್ಲ.

ಮದ್ದೂರು:
ನನಗೆ ಆಗಿದ್ದೂ ಥೇಟ್ ಇದೇ. ಕಾಲ ಮೇಲೆ ಕಾಲು ಹಾಕಿ ಕೂರುವ ಅಭ್ಯಾಸ ಇದೆಯಾ ಅಕ್ಕನಿಗೆ? ಮಂಡಿಯ ಕೆಳಗೆ, ಹೊರಬದಿಯಲ್ಲಿ, ಮೂಳೆಗೆ ಅಂಟಿಕೊಂಡೇ ಒಂದು ನರ ಹೋಗುತ್ತದೆ. ಬೇಗ ಸಣ್ಣಗಾದರೆ ಅದರ ಸುತ್ತ ಇದ್ದ ಕೊಬ್ಬಿನ ಮೆತ್ತೆ ಕರಗಿ, ಸ್ವಲ್ಪ ಒತ್ತಿದರೂ ನರ ಸೋಲುತ್ತದೆ. ನಡೆದರೆ ನನ್ನ ಪಾದ ನೆಲಕ್ಕೆ ಟಪ್ ಟಪ್ ಅಂತ ಬಡಿಯೋದು, ಮನೆಯವರಿಗೆಲ್ಲ ತಮಾಷೆ. ನರದ ಕರೆಂಟ್ ಪರೀಕ್ಷೆ ಮಾಡಿಸಿದಾಗ ಎಲ್ಲಿ ಒತ್ತಿದೆ ಅಂತ ಗೊತ್ತಾಯ್ತು. ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಕೊಟ್ಟರು, ಫಿಸಿಯೋಥೆರಪಿ ಆಯ್ತು. ಚಕ್ಕಳಮಕ್ಕಳ, ಕುಕ್ಕರಗಾಲು ಎರಡೂ ಬಿಟ್ಟೆ. ಮದುವೆ ಮನೆಯಲ್ಲೂ ಟೇಬಲ್ ಊಟವೇ. ಈಗ ಪಾದ ಏಳುತ್ತದೆ.

ಶ್ರೀರಂಗಪಟ್ಟಣ:
ಒಂದೇ ಕಾಲಾದರೂ ರಕ್ತದಲ್ಲಿ ಬಿ12, ತಾಮ್ರ ಎರಡನ್ನೂ ನೋಡಿಸಿ. ಬಿ12 ದಾಸ್ತಾನು ವರ್ಷಗಟ್ಟಲೆ ಬರುತ್ತದೆ, ಅದಕ್ಕೇ ಕೊರತೆ ತಡವಾಗಿ ಕಾಣುತ್ತದೆ. ಸಸ್ಯಾಹಾರಿಗಳು, ಶುಗರ್‌ಗೆ ಮೆಟ್ಫಾರ್ಮಿನ್ ತಗೊಳ್ಳುವವರು ಜಾಸ್ತಿ ಹುಷಾರಾಗಿರಬೇಕು. ತಾಮ್ರದ ವಿಷಯ ಯಾರೂ ಹೇಳುವುದೇ ಇಲ್ಲ. ಆಪರೇಷನ್ ಆದ ಮೇಲೆ ಕೂದಲು ಉದುರುತ್ತದೆ ಅಂತ ಜಿಂಕ್ ಮಾತ್ರೆ ನುಂಗುತ್ತಾರಲ್ಲ, ಅದು ಅತಿಯಾದರೆ ತಾಮ್ರ ಮೈಗೆ ಹತ್ತುವುದಿಲ್ಲ, ಕಾಲು ಜೋಮು ಹಿಡಿಯುತ್ತದೆ. ಮೆಡಿಕಲ್ ಶಾಪಿನಲ್ಲಿ ನರಕ್ಕೆ ಅಂತ ಕೊಡುವ ಮಾತ್ರೆಯನ್ನೂ ಕೇಳದೆ ತಗೊಳ್ಳಬೇಡಿ. ಬಿ6 ಹೆಚ್ಚಾದರೆ ಅದೂ ನರಕ್ಕೆ ಕೆಟ್ಟದ್ದು. ಅಕ್ಕ ನುಂಗುತ್ತಿರುವ ಮಾತ್ರೆ ಎಲ್ಲ ಒಂದು ಕವರಿಗೆ ಹಾಕಿ, ಆಪರೇಷನ್ನಿನ ಡಿಸ್ಚಾರ್ಜ್ ಕಾಗದದ ಜೊತೆ ಈ ವಾರವೇ ನರರೋಗದ ಡಾಕ್ಟರಿಗೆ ತೋರಿಸಿ.