ಮೋಡ ಕವಿದಾಗಲೂ ಸಮುದ್ರದ ಉಷ್ಣಾಂಶ ಗೊತ್ತಾಗುವುದು ಹೇಗೆ?

ಪ್ರಶ್ನೆ (ಬೈತಖೋಲ್, ಕಾರವಾರ): ಸರ್, ನಮ್ಮದು ಟ್ರಾಲ್ ಬೋಟು. ಮೀನುಗಾರಿಕೆ ನಿಷೇಧ ಮುಗಿದು ಆಗಸ್ಟ್‌ನಲ್ಲಿ ಕಡಲಿಗೆ ಇಳಿಯುವಾಗ ಆಕಾಶದ ತುಂಬ ಮೋಡ. ಆದರೂ ನೀರಿನ ಉಷ್ಣಾಂಶದ ಉಪಗ್ರಹ ನಕ್ಷೆ ಸಿಗುತ್ತದೆ. ನಮಗೆ ಬೇಕಾದ ದಂಡೆಯ ಹತ್ತಿರದ ಜಾಗ ಮಾತ್ರ ಖಾಲಿ. ಯಾಕೆ?

ಉತ್ತರ: ನೀವು ನೋಡಿದ್ದು ಮೈಕ್ರೋವೇವ್ ರೇಡಿಯೋಮೀಟರಿನ ನಕ್ಷೆ ಇರಬೇಕು. ಇದು ರಡಾರ್ ಅಲ್ಲ, ತಾನಾಗಿ ಯಾವ ಅಲೆಯನ್ನೂ ಕಳಿಸುವುದಿಲ್ಲ. ನೀರು, ನೆಲ, ಗಾಳಿ ಎಲ್ಲವೂ ತಮ್ಮ ಶಾಖದಿಂದ ಸೂಸುವ ಕ್ಷೀಣ ರೇಡಿಯೋ ಅಲೆಗಳನ್ನು ಅಳೆಯುತ್ತದೆ, ಅಷ್ಟೆ. ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಮೋಡ ಅಡ್ಡಗೋಡೆ. 7 ಗಿಗಾಹರ್ಟ್ಸ್ (ಸೆಕೆಂಡಿಗೆ 700 ಕೋಟಿ ಕಂಪನ) ಆಸುಪಾಸಿನ ಅಲೆಗೆ ಅದು ಇದ್ದೂ ಇಲ್ಲದ ಹಾಗೆ. ಜೋರು ಮಳೆ ಬೀಳುವಲ್ಲಿ ಮಾತ್ರ ಅಳತೆ ಕೈಬಿಡಬೇಕಾಗುತ್ತದೆ.

ಉಷ್ಣಾಂಶ ಒಂದೇ ಇದ್ದರೂ ಈ ಅಲೆಗಳಲ್ಲಿ ನೆಲ ಪ್ರಖರ, ಸಮುದ್ರ ಮಂಕು. ನೆಲ ತನ್ನಿಂದಾಗುವಷ್ಟರಲ್ಲಿ ಸುಮಾರು 90 ಶೇಕಡಾ ಸೂಸಿದರೆ ಸಮುದ್ರ ಹೆಚ್ಚುಕಡಿಮೆ ಅರ್ಧ. ಈ ಮಂಕು ಹಿನ್ನೆಲೆಯೇ ನಮಗೆ ವರ. ಗಾಳಿಗೆ ನೀರು ಕದಡಿ ನೊರೆ ಎದ್ದರೆ ಸೂಸುವಿಕೆ ಏರುತ್ತದೆ, ಅದರಿಂದ ಗಾಳಿಯ ವೇಗ ತಿಳಿಯುತ್ತದೆ. 22-23 ಗಿಗಾಹರ್ಟ್ಸ್‌ನಲ್ಲಿ ನೀರಾವಿ, 37ರ ಸುಮಾರಿಗೆ ಮೋಡದ ನೀರು ಎದ್ದು ಕಾಣುತ್ತವೆ. ಎಲ್ಲವೂ ಒಂದರೊಳಗೊಂದು ಬೆರೆತೇ ಬರುವುದರಿಂದ ಹಲವು ಕಂಪನಾಂಕಗಳನ್ನು ಒಟ್ಟಿಗೆ ಅಳೆದು ಬಿಡಿಸುತ್ತೇವೆ. ಇಸ್ರೋ 1979ರ ಭಾಸ್ಕರ-1ರಲ್ಲೇ ಇಂಥ ಉಪಕರಣ ಇಟ್ಟಿತ್ತು. 1999ರ ಓಷನ್‌ಸ್ಯಾಟ್-1ರದ್ದು 6.6, 10.65, 18 ಮತ್ತು 21 ಗಿಗಾಹರ್ಟ್ಸ್‌ನಲ್ಲಿ ಅಳೆಯುತ್ತಿತ್ತು.

ಈಗ ನಿಮ್ಮ ಖಾಲಿ ಜಾಗ. ಕಂಪನಾಂಕ ಕಡಿಮೆಯಾದಷ್ಟೂ ಅಲೆ ಉದ್ದ, ಅಲೆ ಉದ್ದವಾದಷ್ಟೂ ನೋಟ ಒರಟು. ಜಪಾನಿನ ಎಎಂಎಸ್‌ಆರ್-2 ರೇಡಿಯೋಮೀಟರಿಗೆ 2 ಮೀಟರ್ ಆಂಟೆನಾ ಇದ್ದರೂ 6.9 ಗಿಗಾಹರ್ಟ್ಸ್‌ನಲ್ಲಿ ಅದರ ಒಂದು ನೋಟ ಸುಮಾರು 35 × 62 ಕಿಲೋಮೀಟರ್. ಅದರೊಳಗೆ ಸದಾಶಿವಗಡದ ಗುಡ್ಡವೋ ಮಾಜಾಳಿಯ ದಂಡೆಯೋ ಸ್ವಲ್ಪ ಸೇರಿದರೂ ಸಾಕು, ನೆಲದ ಪ್ರಖರತೆ ಬೆರೆತು ನೀರು ಸುಳ್ಳೇ ಬಿಸಿಯಾಗಿ ಕಾಣುತ್ತದೆ. ತಪ್ಪು ಅಂಕಿ ಕೊಡುವ ಬದಲು ಆ ಜಾಗ ಖಾಲಿ ಬಿಡುತ್ತಾರೆ. ಅದೇ ಸರಿ.

ಪ್ರಶ್ನೆ (ಶಿರಸಿ): ನಮ್ಮ ತೋಟದ ಮಳೆಮಾಪಕಕ್ಕೂ ಉಪಗ್ರಹದ ಮಳೆ ನಕ್ಷೆಗೂ ತಾಳೆಯೇ ಆಗುವುದಿಲ್ಲ. ನಕ್ಷೆಯಲ್ಲಿ ಯಾವಾಗಲೂ ಕಡಿಮೆ. ಇದಕ್ಕೂ ನೆಲವೇ ಕಾರಣವಾ?

ಉತ್ತರ: ಹೌದು. ಸಮುದ್ರದ ಮಂಕಿನ ಮೇಲೆ ಮಳೆಹನಿ ಬೆಳಗಿ ಕಾಣುತ್ತದೆ, ನೆಲದ ಪ್ರಖರತೆಯಲ್ಲಿ ಅದು ಮುಳುಗಿಹೋಗುತ್ತದೆ. ಹಾಗಾಗಿ ನೆಲದ ಮೇಲೆ 89 ಗಿಗಾಹರ್ಟ್ಸ್‌ನಂಥ ಹೆಚ್ಚಿನ ಕಂಪನಾಂಕಗಳಲ್ಲಿ, ಮೋಡದ ಮೇಲ್ಭಾಗದ ಮಂಜುಗಡ್ಡೆ ಅಲೆಗಳನ್ನು ಚದುರಿಸುವುದನ್ನು ನೋಡಿ ಮಳೆ ಅಂದಾಜು ಮಾಡುತ್ತೇವೆ. ಆದರೆ ಘಟ್ಟಕ್ಕೆ ಬಡಿದು ಸುರಿಯುವ ನಿಮ್ಮ ಮಳೆ ಎಷ್ಟೋ ಸಲ ಗಿಡ್ಡ ಮೋಡದ್ದು, ಅದರಲ್ಲಿ ಮಂಜುಗಡ್ಡೆ ಕಡಿಮೆ. ಹಾಗಾಗಿ ಲೆಕ್ಕ ತಪ್ಪುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಹೊಡೆಯಬೇಕೆಂದು ತೀರ್ಮಾನಿಸುವಾಗ ನಿಮ್ಮ ಮಾಪಕವನ್ನೇ ನಂಬಿ.