ವೈಡ್‌ಬಾಡಿ ಮಸ್ಟಾಂಗ್‌ಗೆ ಯಾವ ವೀಲ್ ಸರಿಯಾಗಿ ಕೂರುತ್ತದೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಬದಿಯಡ್ಕದಿಂದ:

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 2017ರ ಫೋರ್ಡ್ ಮಸ್ಟಾಂಗ್ ಜಿಟಿ ಉಂಟು, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಅದಕ್ಕೆ ಫೈಬರಿನ ವೈಡ್‌ಬಾಡಿ ಕಿಟ್ (ಮಡ್‌ಗಾರ್ಡನ್ನು ಅಗಲ ಮಾಡುವ ಭಾಗಗಳು) ಹಾಕಿಸಿದ್ದೇನೆ, ಬೋಲ್ಟ್ ಹಾಕಿ ಕೂರಿಸುವ ನಮೂನೆಯದ್ದು. ಮುಂದೆ ಒಂದೊಂದು ಬದಿಗೆ 50 ಮಿ.ಮೀ., ಹಿಂದೆ 60 ಮಿ.ಮೀ. ಅಗಲ ಆಗುತ್ತದೆ ಎಂದು ಕಿಟ್ ಕೊಟ್ಟವರು ಹೇಳಿದ್ದರು. ಈಗ ಕಂಪನಿ ವೀಲ್ ಎಲ್ಲೋ ಒಳಗೆ ಅಡಗಿ ಕೂತ ಹಾಗೆ ಕಾಣುತ್ತದೆ, ನೋಡಲಿಕ್ಕೇ ಬೇಜಾರು. ವೀಲಿನ ಹಿಂದೆ ಓದಿದರೆ ಮುಂದಿನದ್ದು 19×9 (ಇಂಚಿನಲ್ಲಿ ವ್ಯಾಸ, ಅಗಲ), ಆಫ್‌ಸೆಟ್ +45. ಹಿಂದಿನದ್ದು 19×9.5, ಆಫ್‌ಸೆಟ್ +52.5. ಟಯರ್ ಮುಂದೆ 255/40, ಹಿಂದೆ 275/40 (ಮೊದಲನೆಯದ್ದು ಮಿ.ಮೀ.ನಲ್ಲಿ ಅಗಲ, ಎರಡನೆಯದ್ದು ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂದು).

ಒಬ್ಬರು "ವೈಡ್‌ಬಾಡಿ ಅಂದ್ರೆ ಮುಂದೆ 11 ಇಂಚು, ಹಿಂದೆ 12 ಇಂಚು, ಆಫ್‌ಸೆಟ್ ಸೊನ್ನೆ, ಕಣ್ಣು ಮುಚ್ಚಿ ತಗೊಳ್ಳಿ" ಅಂತಾರೆ. ಇನ್ನೊಬ್ಬರು ಇದ್ದ ವೀಲಿಗೇ ಸ್ಪೇಸರ್ (ವೀಲನ್ನು ಹೊರಗೆ ತಳ್ಳುವ ಲೋಹದ ಬಿಲ್ಲೆ) ಹಾಕಿದರೆ ಸಾಕು ಅಂತಾರೆ. ಒಳ್ಳೆಯ ಸೆಟ್ಟಿಗೆ ಲಕ್ಷಗಟ್ಟಲೆ ಬೀಳುತ್ತದೆ, ತಂದ ಮೇಲೆ ಕೂರದಿದ್ದರೆ ವಾಪಸ್ ತಗೊಳ್ಳುವವರಿಲ್ಲ. ಗಾಡಿಯನ್ನು ಕೊಯಮತ್ತೂರಿನ ಕರಿ ಟ್ರ್ಯಾಕಿನಲ್ಲಿ ಓಡಿಸುವ ಆಸೆ. ಎಂತ ಮಾಡಲಿ?

ಕುಂಬಳೆಯಿಂದ:

ಮೊದಲು ಆ ಕಣ್ಣು ಮುಚ್ಚಿ ತಗೊಳ್ಳಿ ಎಂದವರ ಲೆಕ್ಕ ನೋಡುವ. ಆಫ್‌ಸೆಟ್ ಅಂದರೆ ವೀಲಿನ ಅಗಲದ ನಡುಗೆರೆಯಿಂದ ಹಬ್‌ಗೆ (ಗಾಡಿಯಲ್ಲಿ ವೀಲನ್ನು ಬಿಗಿಯುವ ಭಾಗ) ತಾಗುವ ಮುಖದವರೆಗಿನ ದೂರ. ಪ್ಲಸ್ ಜಾಸ್ತಿ ಇದ್ದಷ್ಟೂ ವೀಲ್ ಒಳಗೆ ಹೋಗುತ್ತದೆ, ಕಡಿಮೆ ಆದಷ್ಟೂ ಹೊರಗೆ ಬರುತ್ತದೆ. ಹಾಗಾಗಿ ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಹಬ್ಬಿನಿಂದ ಹೊರಗೆ ಎಷ್ಟು ಎಂದು ಸಿಗುತ್ತದೆ, ಕೂಡಿದರೆ ಒಳಗೆ ಎಷ್ಟು ಎಂದು ಸಿಗುತ್ತದೆ. ಇಷ್ಟೇ, ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ.

ನಿಮ್ಮ ಮುಂದಿನ ವೀಲ್ 9 ಇಂಚು, ಅರ್ಧ ಅಂದರೆ 114.3 ಮಿ.ಮೀ. 45 ಕಳೆಯಿರಿ, ಹೊರಗೆ 69.3. ಅವರು ಹೇಳಿದ 11 ಇಂಚು ಸೊನ್ನೆ ಆಫ್‌ಸೆಟ್ ಆದರೆ ಹೊರಗೆ 139.7. ಈಗ ಇರುವುದಕ್ಕಿಂತ 70 ಮಿ.ಮೀ. ಹೊರಗೆ ಬಂತು! ನಿಮ್ಮ ಕಿಟ್ ಕೊಟ್ಟದ್ದು 50. ಕಂಪನಿ ವೀಲ್ ಮೊದಲೇ ಸ್ವಲ್ಪ ಒಳಗಿತ್ತು ಅಂತ ಇಟ್ಟುಕೊಂಡರೂ ಇದು ಮಡ್‌ಗಾರ್ಡ್ ದಾಟಿ ಹೊರಗೆ ಇಣುಕುತ್ತದೆ. ಹಿಂದೆಯೂ ಅದೇ ಕತೆ, 84 ಮಿ.ಮೀ. ಹೊರಗೆ ಬರುತ್ತದೆ.

ಬೇರೆಯವರ ಗಾಡಿಯ ನಂಬರ್ ತಗೊಳ್ಳಬೇಡಿ, ಒಂದೇ ಕಂಪನಿಯ ಕಿಟ್ ಆದರೂ ಸಹ. ಫೈಬರ್ ಕೆಲಸ ಅಚ್ಚಿನಿಂದ ತೆಗೆದದ್ದಾದರೂ ಕೂರಿಸುವುದು ಕೈಯಲ್ಲಿ, ಎಡ ಬಲ ಕೆಲವು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ಗಾಡಿ ಎಷ್ಟು ತಗ್ಗಿಸಿದ್ದೀರಿ, ಕ್ಯಾಂಬರ್ (ವೀಲಿನ ಓರೆ) ಎಷ್ಟು ಕೊಟ್ಟಿದ್ದೀರಿ ಎನ್ನುವುದರ ಮೇಲೂ ಬದಲಾಗುತ್ತದೆ. ಒಂದು ಡಿಗ್ರಿ ನೆಗೆಟಿವ್ ಕ್ಯಾಂಬರ್ ಕೊಟ್ಟರೆ ಈ ಸೈಜಿನ ಟಯರಿನ ಮೇಲ್ತುದಿ ಹೆಚ್ಚುಕಡಿಮೆ 6 ಮಿ.ಮೀ. ಒಳಗೆ ಸರಿಯುತ್ತದೆ. ಕೂರುವುದಕ್ಕೂ ಉಜ್ಜುವುದಕ್ಕೂ ಇರುವ ಅಂತರ ಅಷ್ಟೇ.

ಅಳತೆಗೆ ನಿಮ್ಮ ಹಳೇ ವೀಲೇ ಸಾಕು. ಕಿಟ್ ಪೂರ್ತಿ ಬಿಗಿಯಾಗಿರಬೇಕು, ಗಾಡಿ ಓಡಿಸುವ ಎತ್ತರಕ್ಕೇ ಇಳಿಸಿರಬೇಕು, ಅಲೈನ್‌ಮೆಂಟ್ ಆಗಿರಬೇಕು. ನಂತರ ಸಮತಟ್ಟಾದ ಸಿಮೆಂಟ್ ನೆಲದಲ್ಲಿ ನಿಲ್ಲಿಸಿ. ಗೋಡೆ ನೇರ ನೋಡುವ ಮೇಸ್ತ್ರಿಗಳ ತೂಕದ ಗುಂಡು ಉಂಟಲ್ಲ, ಅದನ್ನು ಮಡ್‌ಗಾರ್ಡಿನ ಅಂಚಿನಿಂದ ಇಳಿಬಿಡಿ. ದಾರದಿಂದ ರಿಮ್ಮಿನ ಹೊರ ಅಂಚಿನವರೆಗೆ ಅಡ್ಡಕ್ಕೆ ಎಷ್ಟು ಎಂದು ನಾಲ್ಕೂ ಕಡೆ ಅಳೆಯಿರಿ. ಆ ಅಂತರವೇ ನಿಮಗಿರುವ ಜಾಗ. ಒಳಗೆ ಕೈ ಹಾಕಿ ಟಯರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಎಷ್ಟುಂಟು ಎಂದೂ ನೋಡಿ. ನಂಬರ್ ಕೊಟ್ಟರೆ ಲೆಕ್ಕ ಹಾಕುವ.

ಮಂಜೇಶ್ವರದಿಂದ:

ವೀಲಿನ ಮಾತು ನೀವೆಲ್ಲ ಹೇಳಿ, ನಾನು ಬೇರೆಯೇ ಹೇಳ್ತೇನೆ. ಅಣ್ಣಾ, ಈ ಗಾಡಿಯನ್ನು ಹೈವೇಗೆ ಇಳಿಸಬೇಡಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಕಂಪನಿ ಕೊಟ್ಟ ರೂಪಕ್ಕಿಂತ ಬೇರೆ ಮಾಡುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಗಟ್ಟಿ ಮಾಡಿ ಹೇಳಿದ್ದು, ಅದೂ ಕೇರಳದಿಂದಲೇ ಹೋದ ಕೇಸಿನಲ್ಲಿ. ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಹಾಕಬಹುದು. ನಮ್ಮ ಕೇರಳದ ಮೋಟಾರು ವಾಹನ ಇಲಾಖೆಯವರು ಇದರಲ್ಲಿ ಎಷ್ಟು ಬಿಗಿ ಎಂದು ಹೇಳಬೇಕಾಗಿಲ್ಲ. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದರೆ ಬಿಡುತ್ತಾರೆ ಅಂತಲೂ ಇಲ್ಲ, ಕಾನೂನು ಇಡೀ ದೇಶಕ್ಕೆ ಒಂದೇ. ಕೊಯಮತ್ತೂರಿಗೆ ಲಾರಿ ಮೇಲೆ ಹೇರಿಕೊಂಡು ಹೋಗಿ. ಹೇಗೂ ಮಳೆಗಾಲದಲ್ಲಿ ನಮ್ಮ ಒಳರಸ್ತೆಗಳ ಹೊಂಡಕ್ಕೆ 35 ಪ್ರೊಫೈಲಿನ (ಪಕ್ಕದ ಎತ್ತರ ಕಡಿಮೆ ಇರುವ) ಟಯರ್ ಬಿದ್ದರೆ ರಿಮ್ ಉಳಿಯುವುದಿಲ್ಲ.

ಬದಿಯಡ್ಕದಿಂದ:

ರಸ್ತೆಗೆ ಇಲ್ಲ, ಟ್ರ್ಯಾಕಿಗೆ ಮಾತ್ರ, ಅದರಲ್ಲಿ ಸಂಶಯ ಬೇಡ. ಗುಂಡು ಇಳಿಬಿಟ್ಟು ಅಳೆದೆ. ಮುಂದೆ ಎಡ 61, ಬಲ 57. ಹಿಂದೆ ಎಡ 74, ಬಲ 70. ನೀವು ಹೇಳಿದ ಹಾಗೆ ಎರಡೂ ಬದಿ ಬೇರೆ ಬೇರೆ ಬಂತು, ಕಿಟ್ ಕೂರಿಸಿದವರನ್ನು ಕೇಳಿದರೆ ಅಷ್ಟೆಲ್ಲ ಸಾಮಾನ್ಯ ಅಂತಾರೆ. ಕಣ್ಣಿಗೆ ಗೊತ್ತೇ ಆಗುವುದಿಲ್ಲ ನೋಡಿ.

ಕುಂಬಳೆಯಿಂದ:

ಚಿಕ್ಕ ನಂಬರನ್ನೇ ಹಿಡಿಯಬೇಕು. ಮುಂದೆ 57, ಹಿಂದೆ 70. ಅದನ್ನು ಪೂರ್ತಿ ತುಂಬಿಸಲಿಕ್ಕೆ ಹೋಗಬೇಡಿ. ಟ್ರ್ಯಾಕಿನ ತಿರುವಿನಲ್ಲಿ ಸಸ್ಪೆನ್ಷನ್ನಿನ ರಬ್ಬರ್ ಬುಶ್ ಬಾಗುತ್ತದೆ, ಟಯರ್ ಬಾಗುತ್ತದೆ. ಕಡಿಮೆಯಲ್ಲಿ 7-8 ಮಿ.ಮೀ. ಬಿಡಿ.

ಮುಂದೆ 19×10.5, ಆಫ್‌ಸೆಟ್ +15 ನೋಡಿ. ಅರ್ಧ 133.35, ಅದರಲ್ಲಿ 15 ಕಳೆದರೆ 118.35. ಈಗಿನದ್ದಕ್ಕಿಂತ 49 ಮಿ.ಮೀ. ಹೊರಗೆ, ಬಲ ಬದಿಯಲ್ಲಿ 8 ಉಳಿಯಿತು. ಒಳಗಿನ ಲೆಕ್ಕ: ಹಳೆಯದ್ದು 159.3, ಹೊಸದ್ದು 148.35. ಅಂದರೆ ಅಗಲ ಹೆಚ್ಚಿದರೂ ಶಾಕ್ ಅಬ್ಸಾರ್ಬರಿನಿಂದ 11 ಮಿ.ಮೀ. ದೂರವೇ ಹೋಗುತ್ತದೆ. ಹಿಂದೆ 19×11.5, +20. ಹೊರಗೆ 58 ಬರುತ್ತದೆ, 12 ಉಳಿಯುತ್ತದೆ, ಒಳಗೂ 7 ಮಿ.ಮೀ. ಸಡಿಲ. ಹಿಂದೆ ಇನ್ನೂ ಅಂಚಿಗೆ ಬೇಕು ಅನ್ನಿಸಿದರೆ +15 ಮಾಡಿಸಿ, ಆಗ 7 ಉಳಿಯುತ್ತದೆ. ನನ್ನನ್ನು ಕೇಳಿದರೆ +20 ಸಾಕು.

ಮುಂದೆ ಒಳಗಡೆ 11 ಮಿ.ಮೀ. ಸುಮ್ನೆ ಬಿಟ್ಟದ್ದು ಯಾಕೆ, ಇನ್ನೂ ಅಗಲ ಹಾಕಬಹುದಲ್ವಾ ಎಂದು ಕೇಳುತ್ತೀರಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಿ, ಗೊತ್ತಾಗುತ್ತದೆ. ನೇರ ನಿಂತಾಗ ಇರುವ ಜಾಗ ಬೇರೆ, ತಿರುಗಿದಾಗ ಇರುವ ಜಾಗ ಬೇರೆ. ವೀಲ್ ಹೊರಗೆ ಬಂದಷ್ಟೂ ತಿರುಗುವಾಗ ದೊಡ್ಡ ಸುತ್ತು ಹಾಕುತ್ತದೆ, ಬಂಪರಿನ ಹಿಂಬದಿಗೆ, ಮಡ್‌ಗಾರ್ಡಿನ ಕೆಳಗಿನ ಮೂಲೆಗೆ ತಾಗುತ್ತದೆ. ವೈಡ್‌ಬಾಡಿಯಲ್ಲಿ ಜನ ಮೇಲೆ ಮಾತ್ರ ನೋಡುತ್ತಾರೆ, ಉಜ್ಜುವುದು ಹೆಚ್ಚಾಗಿ ಈ ಮೂಲೆಗಳಲ್ಲಿ. ಮತ್ತೆ ಸ್ಟಿಯರಿಂಗ್ ಸಹ ಮೊದಲಿನ ಹಾಗೆ ಇರುವುದಿಲ್ಲ. ವೀಲ್ ಹೊರಗೆ ಹೋದರೆ ರಸ್ತೆಯ ಏರುತಗ್ಗು ಎಲ್ಲ ಕೈಗೆ ಬರುತ್ತದೆ, ಬ್ರೇಕ್ ಹಿಡಿದಾಗ ಎಳೆಯುತ್ತದೆ, ಬೇರಿಂಗ್ ಮೇಲೆ ಭಾರ ಬೀಳುತ್ತದೆ. ಚಂದಕ್ಕೆ ಕೊಡುವ ಬೆಲೆ ಅದು, ತಪ್ಪಿಸಲಿಕ್ಕೆ ಆಗುವುದಿಲ್ಲ, ಕಡಿಮೆ ಮಾಡಬಹುದು ಅಷ್ಟೇ.

ಉಪ್ಪಳದಿಂದ:

ನಾನು ದುಬೈಯಲ್ಲಿ ಗ್ಯಾರೇಜಿನಲ್ಲಿದ್ದವ, ಅಲ್ಲಿ ಇಂಥ ಗಾಡಿ ಬೇಕಾದಷ್ಟು ಬರುತ್ತಿತ್ತು. ಸ್ಪೇಸರ್ ಎಂದರೆ ಎಲ್ಲರೂ ಹೆದರಿಸುತ್ತಾರೆ. ಹಬ್ಬಿಗೆ ಸರಿಯಾಗಿ ಕೂರುವ, ಸ್ವಂತ ಸ್ಟಡ್ ಇರುವ ಒಳ್ಳೆಯ ಸ್ಪೇಸರ್ ಆದರೆ 20-25 ಮಿ.ಮೀ. ತನಕ ತೊಂದರೆ ಕಂಡದ್ದಿಲ್ಲ. ಆದರೆ ನಿಮಗೆ ಬೇಕಾದದ್ದು 50ರ ಮೇಲೆ, ಅದನ್ನು ಹಾಕಿ ಟ್ರ್ಯಾಕಿಗೆ ಹೋಗಿ ಎಂದು ನಾನು ಹೇಳಲಾರೆ. ಅಲ್ಲದೆ ಸ್ಪೇಸರ್ ಹಾಕಿದರೆ ವೀಲ್ ಹೊರಗೆ ಬಂತು, ಟಯರ್ ಅದೇ 255 ಉಳಿಯಿತು. ಹಿಡಿತ ಏನೂ ಹೆಚ್ಚಲಿಲ್ಲ. ಮತ್ತೆ ಯಾಕೆ ಕಿಟ್?

ಅದರ ನಿಜವಾದ ಉಪಯೋಗ ಬೇರೆ ಉಂಟು. ವೀಲ್ ಆರ್ಡರ್ ಮಾಡುವ ಮೊದಲು 50 ಮಿ.ಮೀ. ಸ್ಪೇಸರ್ ಒಂದು ಜೊತೆ ಯಾರ ಹತ್ತಿರವಾದರೂ ಸಾಲ ತನ್ನಿ. ಮುಂದೆ ಹಳೇ ವೀಲಿಗೆ ಹಾಕಿ. 69.3ಕ್ಕೆ 50 ಸೇರಿಸಿದರೆ 119.3, ಕುಂಬಳೆಯವರು ಹೇಳಿದ ಹೊಸ ವೀಲಿನ ಹೊರ ಅಂಚಿಗೂ ಇದಕ್ಕೂ ಒಂದು ಮಿ.ಮೀ. ವ್ಯತ್ಯಾಸ. ಅಂಗಳದಲ್ಲೇ ನಿಲ್ಲಿಸಿ ದೂರದಿಂದ ನೋಡಿ, ಚಂದ ಉಂಟಾ ಇಲ್ವಾ ಎಂದು ಗೊತ್ತಾಗುತ್ತದೆ. ಸ್ಪ್ರಿಂಗ್ ಕಳಚಿ ಜ್ಯಾಕ್‌ನಿಂದ ವೀಲನ್ನು ಪೂರ್ತಿ ಮೇಲೆ ಎತ್ತಿ, ಎರಡೂ ಬದಿಗೆ ಸ್ಟಿಯರಿಂಗ್ ತಿರುಗಿಸಿ. ಮಡ್‌ಗಾರ್ಡಿನ ಒಳಗೆ ಮಕ್ಕಳು ಆಡುವ ಬಣ್ಣದ ಮಣ್ಣು ಮೆತ್ತಿ, ಎಲ್ಲಿ ಒತ್ತಿದ ಗುರುತು ಬೀಳುತ್ತದೋ ಅಲ್ಲಿ ತಾಗುತ್ತದೆ. ಒಂದು ಪೈಸೆ ಖರ್ಚಿಲ್ಲ.

ಇನ್ನೊಂದು. ಒಳಗಡೆ ಬಾಗಿದ ಕಾನ್‌ಕೇವ್ ವೀಲ್ ಬೇಕು ಎಂದು ಎಲ್ಲರಿಗೂ ಆಸೆ. ಕಡ್ಡಿಗಳು ಒಳಕ್ಕೆ ಬಾಗಿದಷ್ಟೂ ಬ್ರೇಕ್ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಭಾಗ) ಹತ್ತಿರ. ಆಫ್‌ಸೆಟ್ ಲೆಕ್ಕ ಸರಿ ಬಂದರೂ ಕಡ್ಡಿ ಕ್ಯಾಲಿಪರಿಗೆ ತಾಗಿದರೆ ಕತೆ ಮುಗಿಯಿತು. ವೀಲ್ ಮಾಡುವವರ ಹತ್ತಿರ ಕ್ಯಾಲಿಪರ್ ಅಳತೆಯ ಕಾಗದದ ಅಚ್ಚು ಕೇಳಿ. ಪ್ರಿಂಟ್ ತೆಗೆದು ರಟ್ಟಿಗೆ ಅಂಟಿಸಿ ಕತ್ತರಿಸಿ ಹಬ್ ಮೇಲೆ ಇಟ್ಟು ತಿರುಗಿಸಿ ನೋಡಿ. ಅದು ಕೊಡಲಾಗದವರ ಹತ್ತಿರ ವೀಲೇ ತಗೊಳ್ಳಬೇಡಿ.

ನೀರ್ಚಾಲಿನಿಂದ:

ಟಯರ್ ವಿಷಯ ಯಾರೂ ಹೇಳಲಿಲ್ಲ ಮಾರಾಯ್ರೇ. ಹಿಂದೆ 11.5 ರಿಮ್ಮಿಗೆ 305 ಹಾಕಬಹುದು, ಆದರೆ 305/30 ಕೊಟ್ಟರೆ ತಗೊಳ್ಳಬೇಡಿ. ನಿಮ್ಮ 275/40 ಟಯರಿನ ಒಟ್ಟು ಎತ್ತರ 702 ಮಿ.ಮೀ. ಚಿಲ್ಲರೆ. 305/30ರದ್ದು 665. ಅಷ್ಟು ಅಗಲದ ಮಡ್‌ಗಾರ್ಡಿನ ಒಳಗೆ ಕುಳ್ಳ ಟಯರ್, ಅಪ್ಪನ ಅಂಗಿ ಹಾಕಿದ ಮಗುವಿನ ಹಾಗೆ ಕಾಣುತ್ತದೆ. ಸ್ಪೀಡೋಮೀಟರ್ ಸಹ ಜಾಸ್ತಿ ತೋರಿಸುತ್ತದೆ. 305/35 ಹಾಕಿ, 696 ಬರುತ್ತದೆ. ಮುಂದೆ 285/35, ಅದು 682, ಈಗಿನ 255/40 ಇರುವುದು 686. ಮುಂದೆ ಹಿಂದೆ ಎತ್ತರದ ವ್ಯತ್ಯಾಸ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ, ಆದ್ದರಿಂದ ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಗಲಿಬಿಲಿ ಮಾಡುವುದಿಲ್ಲ.

305 ಎಂದು ಬರೆದದ್ದೆಲ್ಲ 305 ಅಲ್ಲ, ಇದೂ ಗೊತ್ತಿರಲಿ. ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ರಿಮ್ ಅರ್ಧ ಇಂಚು ಅಗಲವಾದರೆ ಟಯರೂ ಸುಮಾರು 5 ಮಿ.ಮೀ. ಅಗಲವಾಗುತ್ತದೆ. ಕುಂಬಳೆಯವರು ಬಿಟ್ಟ ಆ 8 ಮಿ.ಮೀ. ದೊಡ್ಡ ಜಾಗ ಅಂತ ತಿಳಿಯಬೇಡಿ.

ಬದಿಯಡ್ಕದಿಂದ:

305/35 ಊರಲ್ಲಿ ಸಿಗುತ್ತದಾ? ಮತ್ತೆ ಅರ್ಧ ಬೆಲೆಗೆ ಡೂಪ್ಲಿಕೇಟ್ ಡಿಸೈನಿನ ಎರಕದ ವೀಲ್ ಕೊಡುತ್ತೇನೆ ಎಂದು ಒಬ್ಬರು ಹೇಳುತ್ತಿದ್ದಾರೆ.

ನೀರ್ಚಾಲಿನಿಂದ:

ಊರಿನ ಅಂಗಡಿಯಲ್ಲಿ ಇಟ್ಟಿರುವುದಿಲ್ಲ, ದೊಡ್ಡ ಊರಿನಿಂದ ತರಿಸಬೇಕು. ಬಂದ ಕೂಡಲೇ ಪಕ್ಕದಲ್ಲಿರುವ ನಾಲ್ಕಂಕಿಯ ತಾರೀಕು ನೋಡಿ, ಮೊದಲ ಎರಡು ಅಂಕಿ ತಯಾರಾದ ವಾರ, ನಂತರದ ಎರಡು ಅಂಕಿ ವರ್ಷ. ನಿಧಾನ ಖರ್ಚಾಗುವ ಸೈಜಿನಲ್ಲಿ ಹಳೇ ಮಾಲು ದಾಟಿಸುವುದು ಉಂಟು.

ಕುಂಬಳೆಯಿಂದ:

ಆ ಅರ್ಧ ಬೆಲೆಯ ವೀಲ್ ಬೇಡ. ಗಾಡಿಯ ತೂಕವೇ 1,800 ಕೆ.ಜಿ. ಹತ್ತಿರ. ವೀಲಿನ ಹಿಂದೆ ಎಷ್ಟು ಭಾರ ತಾಳುತ್ತದೆ ಎಂದು ಅಚ್ಚು ಹಾಕಿರಬೇಕು, ಜೆಡಬ್ಲ್ಯೂಎಲ್ (ಜಪಾನಿನ ವೀಲ್ ಗುಣಮಟ್ಟದ) ಗುರುತು ಇದ್ದರೆ ಒಳ್ಳೆಯದು. ಅದೂ ಇಲ್ಲ ಇದೂ ಇಲ್ಲ ಎಂದರೆ ಮನೆ ಎದುರು ಚಂದಕ್ಕೆ ನಿಲ್ಲಿಸಬಹುದು, ಟ್ರ್ಯಾಕಿಗಲ್ಲ. ನಿಮಗೆ ಬೇಕಾದ ಅಗಲ, ಆಫ್‌ಸೆಟ್ ಎರಕದ ವೀಲಿನಲ್ಲಿ ಸಿದ್ಧವಾಗಿ ಸಿಗುವುದೂ ಕಷ್ಟ. ಫೋರ್ಜ್ಡ್ (ಲೋಹವನ್ನು ಒತ್ತಿ ಮಾಡಿದ್ದು) ಆದರೆ ಹೇಳಿದ ಅಳತೆಗೆ ಕೊರೆದು ಕೊಡುತ್ತಾರೆ, ಕಾಯಬೇಕು, ದುಡ್ಡೂ ಜಾಸ್ತಿ.

ಆರ್ಡರ್ ಮಾಡುವಾಗ ನಕ್ಷೆ ತರಿಸಿ, ಸಹಿ ಹಾಕುವ ಮೊದಲು ನೀವೇ ಓದಿ. ಐದು ಸ್ಟಡ್, 114.3 ಪಿಸಿಡಿ (ಸ್ಟಡ್‌ಗಳು ಕೂರುವ ವೃತ್ತದ ವ್ಯಾಸ), ನಡುವಿನ ತೂತು 70.5, ಎಲ್ಲ ಮಿ.ಮೀ. ತೂತನ್ನು 73.1 ಮಾಡಿ ಎಲ್ಲ ಗಾಡಿಗೂ ಆಗುತ್ತದೆ ಎಂದು ಕೊಡುವವರಿದ್ದಾರೆ, ಆಗ ನಡುವೆ ರಿಂಗ್ ಹಾಕಬೇಕು. ನಿಮ್ಮದು ಹೇಗೂ ಅಳತೆಗೆ ಮಾಡಿಸುವುದು, 70.5 ಎಂದೇ ಬರೆಸಿ. ಸ್ಟಡ್ 14×1.5. ಹೊಸ ವೀಲಿನ ನಟ್ ಕೂರುವ ಜಾಗ ಓರೆಯೋ ಗುಂಡಗೋ ನೋಡಿ ಅದಕ್ಕೆ ಸರಿಯಾದ ನಟ್ ತಗೊಳ್ಳಿ, ಹಳೆಯದ್ದು ಹೊಂದುತ್ತದೆ ಎಂದು ಸುಮ್ನೆ ಹಾಕಬೇಡಿ. ನಟ್ ಅನ್ನು ಗಾಳಿ ಗನ್ನಿನಲ್ಲಿ ಬಿಗಿಯಲು ಬಿಡಬೇಡಿ. ಟಾರ್ಕ್ ರೆಂಚ್‌ನಲ್ಲಿ 204 ನ್ಯೂಟನ್ ಮೀಟರ್. ಟ್ರ್ಯಾಕಿನಲ್ಲಿ ಮೊದಲ ಸುತ್ತುಗಳು ಮುಗಿದು ವೀಲ್ ತಣ್ಣಗಾದ ಮೇಲೆ ಮತ್ತೊಮ್ಮೆ ನೋಡಿ.

ಬದಿಯಡ್ಕದಿಂದ:

ಎಲ್ಲರಿಗೂ ಧನ್ಯವಾದ. ಸ್ಪೇಸರ್ ಜೊತೆ ಮಂಗಳೂರಿನ ಗೆಳೆಯರೊಬ್ಬರ ಹತ್ತಿರ ಉಂಟಂತೆ, ಈ ಆದಿತ್ಯವಾರ ತರುತ್ತೇನೆ. ಮುಂದೆ 10.5 +15, ಹಿಂದೆ 11.5 +20 ಎಂದೇ ಮನಸ್ಸು ಮಾಡಿದ್ದೇನೆ. ಮಣ್ಣಿನ ಗುರುತು ಎಲ್ಲಿ ಬಿತ್ತು ಎಂದು ಫೋಟೋ ಹಾಕಿದ ಮೇಲೆ ಆರ್ಡರ್ ಮಾಡುವುದು.